ಘೋಡಗೇರಿಯ ಹಾಡು, ನಮ್ಮ ಮನೆಯ ಮೌನ



ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಕುಟುಂಬಗಳನ್ನು ಭೇಟಿ ಮಾಡುವಾಗ ಎರಡು ಮಾತುಗಳು ಮತ್ತೆ ಮತ್ತೆ ನನ್ನ ಕಿವಿಗೆ ಬೀಳುತ್ತವೆ. ಕಲಾವಿದರು ಯಾರಾದರೂ ಭೂಮಿ, ಭಾಷೆ, ನ್ಯಾಯ ಎಂದು ಬಾಯಿ ತೆರೆದರೆ ಸಾಕು, “ಹಾಡೋರು ಹಾಡಬೇಕ್ರೀ, ಕುಣಿಯೋರು ಕುಣೀಬೇಕು. ಊರ ಉಸಾಬರಿ ಅವರಿಗ್ಯಾಕ?” ಎನ್ನುತ್ತಾರೆ. ಇದು ಮೊದಲನೆಯ ಮಾತು. ಎರಡನೆಯದನ್ನು ತಾಯಿಯೊಬ್ಬರು ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೆಮ್ಮೆಯಿಂದಲೇ ಹೇಳಿದರು: “ಫಾದರ್, ಇವಗ ಕನ್ನಡ ಓದಾಕ ಬರೂದಿಲ್ರೀ. ಇಂಗ್ಲಿಷ್ ಅಷ್ಟ ಬರ್ತೈತಿ.”

ಮೇಲುನೋಟಕ್ಕೆ ಈ ಎರಡು ಮಾತುಗಳಿಗೆ ಸಂಬಂಧವಿಲ್ಲ. ಆದರೆ ಇವೆರಡೂ ಒಂದೇ ಬೇರಿನಿಂದ ಹುಟ್ಟಿದವು ಎಂಬುದು ನನ್ನ ದೃಢವಾದ ನಂಬಿಕೆ. ಹಾಡು, ಆಟ, ಮನೆಯ ಮಾತು ಇವೆಲ್ಲ ಹಬ್ಬದ ದಿನ ತೊಟ್ಟು ಮರುದಿನ ಪೆಟ್ಟಿಗೆಯಲ್ಲಿಡುವ ಒಡವೆಗಳು ಎಂದು ನಾವು ತಿಳಿದುಕೊಂಡಿದ್ದೇವೆ. ಒಡವೆಗೆ ಬಾಯಿಲ್ಲ, ಆದ್ದರಿಂದ ಕಲಾವಿದನಿಗೂ ಬಾಯಿರಬಾರದು. ಒಡವೆ ಹಳೆಯದಾದರೆ ಕರಗಿಸಬಹುದು, ಆದ್ದರಿಂದ ಮನೆಯ ಮಾತನ್ನೂ ಬಿಟ್ಟುಬಿಡಬಹುದು. ಈ ತಿಳಿವಳಿಕೆ ತಪ್ಪು. ತಪ್ಪಷ್ಟೇ ಅಲ್ಲ, ಅಪಾಯಕಾರಿ. ಇದನ್ನು ತೋರಿಸಿಕೊಡಲು ನಾನು ದೂರ ಹೋಗಬೇಕಾಗಿಲ್ಲ. ನಮ್ಮದೇ ಹುಕ್ಕೇರಿ ತಾಲೂಕಿನ ಘೋಡಗೇರಿಯವರೆಗೆ ಹೋದರೆ ಸಾಕು.

ಘೋಡಗೇರಿಯಲ್ಲಿ 1937ರ ಜನವರಿ 2ರಂದು ಕಂಬಾರ ಮನೆತನವೊಂದರಲ್ಲಿ ಹುಟ್ಟಿದ ಹುಡುಗ ಚಂದ್ರಶೇಖರ. ಕಬ್ಬಿಣ ಕಾಯಿಸಿ ಬಡಿಯುವುದು ಆ ಮನೆತನದ ಕುಲಕಸುಬು. ಊರಿನ ಶಾಲೆ ಮುಗಿಸಿದ ಹುಡುಗ ಪ್ರೌಢಶಾಲೆಗೆಂದು ಗೋಕಾಕಕ್ಕೆ ಬಂದ. ಬಡತನ ಓದನ್ನು ನಡುವೆಯೇ ನಿಲ್ಲಿಸಿತು. ಸಾವಳಗಿ ಮಠದ ಶ್ರೀ ಸಿದ್ಧರಾಮ ಸ್ವಾಮಿಗಳು ಖರ್ಚುವೆಚ್ಚ ವಹಿಸಿಕೊಂಡು ಆ ಹುಡುಗನನ್ನು ಓದಿಸಿದರು. ಮುಂದೆ ಬೆಳಗಾವಿಯ ಲಿಂಗರಾಜ ಕಾಲೇಜು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಕುರಿತು ಸಂಶೋಧನೆ. 1968–69ರಲ್ಲಿ ಸಾಗರದಾಚೆಯ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಬೋಧನೆ. ಆಮೇಲೆ ಬೆಂಗಳೂರು. ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಆರಂಭವಾದಾಗ ಮೊದಲ ಕುಲಪತಿಗಳಾದವರು ಇವರೇ. 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಇವರಿಗೆ ಸಂದಿತು. ಕವಿ, ನಾಟಕಕಾರ, ಕಾದಂಬರಿಕಾರ, ಹಾಡುಗಾರ, ಸಂಗೀತ ನಿರ್ದೇಶಕ, ಚಲನಚಿತ್ರ ನಿರ್ದೇಶಕ ಹೀಗೆ ಎಷ್ಟು ಬಗೆಯ ಕೆಲಸಗಳು ಒಬ್ಬರೇ ಮನುಷ್ಯನಲ್ಲಿ ಕೂಡಿಕೊಂಡಿವೆ ಎಂದು ಲೆಕ್ಕ ಹಾಕುವುದೂ ಕಷ್ಟ.

ಈ ಪಟ್ಟಿಯನ್ನು ಹೆಮ್ಮೆಗಾಗಿ ಕೊಡುತ್ತಿಲ್ಲ. “ನಮ್ಮ ಕಡೆಯವರು” ಎಂದು ಪೇಪರಿನಲ್ಲಿ ಬಂದ ಚಿತ್ರ ಕತ್ತರಿಸಿ ಗೋಡೆಗೆ ಅಂಟಿಸಿದರೆ ನಮ್ಮ ಕೆಲಸ ಮುಗಿಯುವುದಿಲ್ಲ. ಗಮನಿಸಬೇಕಾದುದು ಬೇರೆ. ಈ ಮನುಷ್ಯ ಊರು ಬಿಟ್ಟರು, ಜಿಲ್ಲೆ ಬಿಟ್ಟರು, ಒಂದು ಕಾಲಕ್ಕೆ ದೇಶವನ್ನೂ ಬಿಟ್ಟಿದ್ದರು. ವಲಸೆ ಹೋದವರು ಸಾಮಾನ್ಯವಾಗಿ ಮೊದಲು ಕಳಚಿ ಎಸೆಯುವುದು ಊರಿನ ಮಾತನ್ನು. ಇವರು ಅದನ್ನೇ ಹೊತ್ತುಕೊಂಡು ಹೋದರು. 1964ರಲ್ಲಿ ಪ್ರಕಟವಾದ ಇವರ ನೀಳ್ಗವಿತೆಯ ಹೆಸರು ‘ಹೇಳತೇನ ಕೇಳ’. ‘ಹೇಳುತ್ತೇನೆ ಕೇಳು’ ಎಂದು ತಿದ್ದಿ ಬರೆಯುವ ಅವಕಾಶ ಅವರಿಗಿರಲಿಲ್ಲವೇ? ಇತ್ತು. ತಿದ್ದಲಿಲ್ಲ. ಹುಕ್ಕೇರಿಯ ಹೊಲದಲ್ಲಿ ಆಡುವ ಮಾತು ಅಚ್ಚಿನ ಮನೆಗೂ ಹೋಗಬಹುದು, ವಿಶ್ವವಿದ್ಯಾಲಯಕ್ಕೂ ಹೋಗಬಹುದು ಎಂದು ಆ ಶೀರ್ಷಿಕೆಯೇ ಸಾರಿತು. ಕೂಗಾಟವಿಲ್ಲದ ಹೋರಾಟ ಎಂದರೆ ಇದು.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ಗುರುಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ನನ್ನ ಬಾಯಿಂದ ‘ಹೋಗೂಣು’, ‘ಬರೂಣು’ ಎಂಬ ಮಾತುಗಳು ಬಂದಾಗ ಸಹಪಾಠಿಗಳು ನಗುತ್ತಿದ್ದರು. ಅವರಲ್ಲಿ ಕೆಡುಕಿರಲಿಲ್ಲ. ಆದರೂ ಒಂದೇ ವರ್ಷದಲ್ಲಿ ನಾನು ಆ ಮಾತುಗಳನ್ನು ನುಂಗಿಬಿಟ್ಟೆ. ರಜೆಯಲ್ಲಿ ಮನೆಗೆ ಹೋದಾಗ ಅವ್ವನ ಎದುರಿಗೆ ಪುಸ್ತಕದ ಕನ್ನಡ ಆಡಿದೆ. ಅವ್ವ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, “ಯಾರ ಕೂಡ ಮಾತಾಡಾಕತ್ತೀಪಾ?” ಎಂದಳು. ಆ ಪ್ರಶ್ನೆಗೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ. ಆದ್ದರಿಂದ ಇಲ್ಲಿ ನಾನು ನಿಮ್ಮ ಕಡೆಗೆ ಬೆರಳು ತೋರಿಸುವಾಗ ಮೂರು ಬೆರಳು ನನ್ನ ಕಡೆಗೇ ಇವೆ ಎಂಬುದು ನನಗೆ ಗೊತ್ತು.

ಕಂಬಾರರು ಶೂನ್ಯದಿಂದ ಬಂದವರಲ್ಲ. ಅವರ ಹಿಂದೆ ಈ ಸೀಮೆಯ ಆಟದ ಬಯಲುಗಳಿವೆ. ಮೂಡಲಗಿ ಸೀಮೆಯ ಕುಲಗೋಡದ ತಮ್ಮಣ್ಣನವರು ‘ಶ್ರೀಕೃಷ್ಣ ಪಾರಿಜಾತ’ಕ್ಕೆ ಹೊಸ ರೂಪ ಕೊಟ್ಟು ಮನೆಮಾತಾದರು. ಗಂಡಸರೇ ಹೆಣ್ಣುವೇಷ ಕಟ್ಟುತ್ತಿದ್ದ ಆ ರಂಗಕ್ಕೆ ಮೊದಲು ಕಾಲಿಟ್ಟ ಹೆಣ್ಣು ಎಂದು ಕೌಜಲಗಿ ನಿಂಗಮ್ಮನವರು ಹೆಸರಾದರು. ಒಂದು ಹೂವಿಗಾಗಿ ರುಕ್ಮಿಣಿ ಸತ್ಯಭಾಮೆಯರ ನಡುವೆ ಹುಟ್ಟಿದ ಮುನಿಸಿನ ಕಥೆಯೊಳಗೆ ಹಳ್ಳಿಯ ಜನ ತಮ್ಮ ಮನೆಯ ಸಂಸಾರವನ್ನೇ ಕಂಡರು, ದೊಡ್ಡವರ ದೊಡ್ಡಸ್ತಿಕೆಯನ್ನು ನಕ್ಕು ಕೆಳಗಿಳಿಸಿದರು. ಹೆಂಗಸೊಬ್ಬಳು ಸಾವಿರ ಜನರ ಎದುರಿಗೆ ನಿಂತು ದನಿಯೆತ್ತಿ ಹಾಡುವುದು ಆ ಕಾಲದಲ್ಲಿ ಬರಿಯ ಮನರಂಜನೆಯಾಗಿತ್ತೇ? ಅವಳು ಒಂದು ಭಾಷಣವನ್ನೂ ಮಾಡಬೇಕಾಗಿರಲಿಲ್ಲ. ನಿಂತದ್ದೇ ಒಂದು ಮಾತಾಗಿತ್ತು.

ಇಂಥ ಬಯಲಾಟದ ಶಕ್ತಿಯನ್ನು ಕಂಬಾರರು ಹೊಸ ನಾಟಕಕ್ಕೆ ತಂದರು. 1972ರಲ್ಲಿ ಬೆಂಗಳೂರಿನ ಬಯಲು ರಂಗದಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಅವರ ‘ಜೋಕುಮಾರಸ್ವಾಮಿ’ ಪ್ರದರ್ಶನಗೊಂಡಿತು. ಊರಿನ ಭೂಮಿಯನ್ನೆಲ್ಲ ತನ್ನದೆನ್ನುವ ಗೌಡ. ಕೈಯಲ್ಲಿ ಬಂದೂಕು, ಮನೆಯಲ್ಲಿ ಮಕ್ಕಳಿಲ್ಲ. ಬೆವರು ಸುರಿಸಿ ಆ ಹೊಲವನ್ನು ಹಸಿರಾಗಿಸುವ ಬಸಣ್ಣ. ಭೂಮಿ ಯಾರದು, ಬಂದೂಕು ಹಿಡಿದವನದೋ ನೇಗಿಲು ಹಿಡಿದವನದೋ? ಜೋಕುಮಾರ ಹುಣ್ಣಿಮೆಯ ಆಚರಣೆಯನ್ನೇ ಆಧಾರವಾಗಿಟ್ಟುಕೊಂಡು, ಹಾಡುತ್ತ ಕುಣಿಯುತ್ತ ನಗಿಸುತ್ತ ಆ ನಾಟಕ ಈ ಪ್ರಶ್ನೆಯನ್ನು ನೋಡುಗರ ಮಡಿಲಿಗೆ ಹಾಕಿತು. ಎರಡು ವರ್ಷಗಳ ಬಳಿಕ, 1974ರ ಮಾರ್ಚ್ 1ರಿಂದ, ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಜಾರಿಗೆ ಬಂದು ಗೇಣಿದಾರನಿಗೆ ಉಳುವ ಭೂಮಿಯ ಒಡೆತನದ ದಾರಿ ತೆರೆಯಿತು. ನಾಟಕದಿಂದಲೇ ಕಾಯ್ದೆ ಬಂತು ಎಂದು ನಾನು ಹೇಳುವುದಿಲ್ಲ, ಅದು ಅತಿಶಯೋಕ್ತಿಯಾದೀತು. ಆದರೆ ಕಾಯ್ದೆಯ ಭಾಷೆ ಬಾರದ ಜನಕ್ಕೆ ಅದೇ ಪ್ರಶ್ನೆಯನ್ನು ಅವರದೇ ಭಾಷೆಯಲ್ಲಿ ಕೇಳಿಸಿದ್ದು ಕಲೆ. 2020ರ ತಿದ್ದುಪಡಿಯು ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳುವುದಕ್ಕೆ ದಾರಿ ಮಾಡಿಕೊಟ್ಟ ಮೇಲೆ ಆ ಪ್ರಶ್ನೆ ಹಳೆಯದಾಯಿತೆಂದು ಯಾರು ಹೇಳಬಲ್ಲರು?

ನಾಟಕ ಒಂದು ರಾತ್ರಿಗೆ ಒಂದೂರನ್ನು ಮುಟ್ಟುತ್ತದೆ. ಸಿನಿಮಾ ಒಂದೇ ವಾರದಲ್ಲಿ ನೂರಾರು ಊರುಗಳನ್ನು ಮುಟ್ಟುತ್ತದೆ. ಕಂಬಾರರು ಸಿನಿಮಾಕ್ಕೂ ಇಳಿದರು. ‘ಕರಿಮಾಯಿ’, ‘ಕಾಡುಕುದುರೆ’, ‘ಸಂಗೀತಾ’ ಚಿತ್ರಗಳನ್ನು ತಾವೇ ನಿರ್ದೇಶಿಸಿದರು. ಕನ್ನಡ ಚಿತ್ರಗಳಲ್ಲಿ ನಮ್ಮ ಕಡೆಯ ಮಾತು ಬಹುಮಟ್ಟಿಗೆ ನಗಿಸುವ ಪಾತ್ರಗಳ ಪಾಲಾಗಿದ್ದ ಕಾಲವದು. ಅದೇ ಮಾತಿನಲ್ಲಿ ಅಳಬಹುದು, ಸಿಟ್ಟಾಗಬಹುದು, ದೇವರನ್ನು ಕೂಗಬಹುದು ಎಂದು ತೋರಿಸುವುದೇ ಒಂದು ಪ್ರತಿಭಟನೆಯಾಗಿತ್ತು. ‘ಕಾಡುಕುದುರೆ’ಯ ಶೀರ್ಷಿಕೆ ಗೀತೆಯನ್ನು ಬರೆದು ರಾಗ ಹಾಕಿದವರು ಕಂಬಾರರು, ಹಾಡಿದವರು ವೃತ್ತಿಯಿಂದ ವಕೀಲರಾಗಿದ್ದ ಶಿವಮೊಗ್ಗ ಸುಬ್ಬಣ್ಣನವರು. ಆ ಹಾಡಿಗಾಗಿ ಸುಬ್ಬಣ್ಣನವರಿಗೆ ಶ್ರೇಷ್ಠ ಹಿನ್ನೆಲೆ ಗಾಯಕರೆಂದು ರಾಷ್ಟ್ರಪ್ರಶಸ್ತಿ ದೊರೆಯಿತು. ಕನ್ನಡದ ಗಾಯಕರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಹಳ್ಳಿಯ ಧಾಟಿಯೊಂದು ದಿಲ್ಲಿಯವರೆಗೆ ನಡೆದುಹೋಯಿತು. ಮುಂದೆ ಅವರ ‘ಹರಕೆಯ ಕುರಿ’ಯನ್ನು ಕೆ.ಎಸ್.ಎಲ್. ಸ್ವಾಮಿಯವರು 1992ರಲ್ಲಿ ಚಿತ್ರವಾಗಿಸಿದರು. ರಾಜಕಾರಣವು ಮನುಷ್ಯನನ್ನು ಹೇಗೆ ಬಲಿಯ ಕುರಿಯಾಗಿಸುತ್ತದೆ ಎಂಬುದು ಅದರ ವಸ್ತು. ‘ಸಿಂಗಾರೆವ್ವ ಮತ್ತು ಅರಮನೆ’ ಕಾದಂಬರಿಯನ್ನು ಟಿ.ಎಸ್. ನಾಗಾಭರಣರು ತೆರೆಗೆ ತಂದರು. ತಂದೆಯ ದುರಾಸೆಗೆ ಬಲಿಯಾಗಿ ಅರಮನೆ ಸೇರಿದ ಹೆಣ್ಣಿನ ಗೋಳು ಅದರಲ್ಲಿದೆ. ಹೆಣ್ಣುಮಕ್ಕಳ ಮದುವೆಯನ್ನು ಆಸ್ತಿಯ ವ್ಯವಹಾರವೆಂದು ತಿಳಿದವರು ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲವೇ?

ಈ ಬಗೆಯ ಕಲಾವಿದರು ನಮ್ಮ ನಾಡಿಗೆ ಮಾತ್ರ ಸೇರಿದವರಲ್ಲ. ದಕ್ಷಿಣ ಆಫ್ರಿಕದ ಗಾಯಕಿ ಮಿರಿಯಂ ಮಕೇಬಾ ಅವರನ್ನು ನೆನೆಯಿರಿ. ಕರಿಯ ಜನರನ್ನು ಬೇರ್ಪಡಿಸಿ ತುಳಿಯುತ್ತಿದ್ದ ಸರಕಾರದ ಕಣ್ಣು ತಪ್ಪಿಸಿ ಜೊಹಾನ್ಸ್‌ಬರ್ಗ್‌ನಲ್ಲಿ ಚಿತ್ರಿಸಿದ, 1959ರಲ್ಲಿ ಹೊರಬಂದ ‘ಕಮ್ ಬ್ಯಾಕ್, ಆಫ್ರಿಕಾ’ ಚಿತ್ರದಲ್ಲಿ ಆಕೆ ಹಾಡುತ್ತ ಕಾಣಿಸಿಕೊಂಡರು. ದೇಶ ಬಿಟ್ಟು ಅಮೆರಿಕದಲ್ಲಿದ್ದಾಗ, 1960ರಲ್ಲಿ, ತಾಯಿ ತೀರಿಕೊಂಡರು. ಮಣ್ಣಿಗೆ ಹೋಗಲೆಂದು ಹೊರಟ ಮಗಳಿಗೆ ಅವಳ ಪಾಸ್‌ಪೋರ್ಟ್ ರದ್ದಾಗಿದೆ ಎಂದು ತಿಳಿಯಿತು. 1963ರಲ್ಲಿ ಆಕೆ ವಿಶ್ವಸಂಸ್ಥೆಯ ಮುಂದೆ ನಿಂತು ತನ್ನ ಜನರ ಸಂಕಟಕ್ಕೆ ಸಾಕ್ಷಿ ನುಡಿದರು. ಅದಕ್ಕೆ ಉತ್ತರವಾಗಿ ಸರಕಾರ ಆಕೆಯ ಪೌರತ್ವ ಕಿತ್ತುಕೊಂಡು, ಹಾಡುಗಳನ್ನು ನಿಷೇಧಿಸಿತು. ತಾಯ್ನಾಡಿಗೆ ಮರಳಲು ಸಾಧ್ಯವಾದದ್ದು 1990ರಲ್ಲಿ. ಆಕೆಯ ಮಾತೃಭಾಷೆಯಾದ ಷೋಸಾದಲ್ಲಿ ನಾಲಿಗೆ ಚಟಕಿಸಿ ಹೊರಡಿಸುವ ಅಕ್ಷರಗಳಿವೆ. ಬೇರೆಯವರಿಗೆ ಅವು ವಿಚಿತ್ರ ಸದ್ದುಗಳು. ಆಕೆ ಅವುಗಳನ್ನು ಮುಚ್ಚಿಡಲಿಲ್ಲ, ಜಗತ್ತಿನ ವೇದಿಕೆಗಳಲ್ಲೆಲ್ಲ ಹಾಡಿದರು. ಮಕೇಬಾ ಅವರದು ಬಲವಂತದ ವನವಾಸ, ಕಂಬಾರರದು ಓದು ಮತ್ತು ಉದ್ಯೋಗದ ವಲಸೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಡಲಾರೆ. ಆದರೆ ಇಬ್ಬರಿಂದಲೂ ಕಲಿಯುವುದು ಒಂದೇ: ತನ್ನ ಮಾತಿಗೆ ನಾಚಿದವನು ತನ್ನ ಜನರ ಪರವಾಗಿ ನಿಲ್ಲಲಾರ.

ಈಗ ನಿಮ್ಮ ಆಕ್ಷೇಪಗಳಿಗೆ ಬರುತ್ತೇನೆ.

ಮೊದಲನೆಯದು: “ಫಾದರ್, ಆ ನಾಟಕಗಳಲ್ಲಿ ಶೃಂಗಾರದ ಮಾತು ಬಹಳ. ಪಾದ್ರಿಯಾದವರು ಅಂಥದ್ದನ್ನು ಹೊಗಳಬಹುದೇ?” ಪ್ರಶ್ನೆ ನ್ಯಾಯವಾದದ್ದು. ಅಲ್ಲಿರುವುದೆಲ್ಲವನ್ನೂ ನಾನು ಒಪ್ಪಬೇಕಾಗಿಲ್ಲ, ನೀವೂ ಒಪ್ಪಬೇಕಾಗಿಲ್ಲ. ಎಲ್ಲವೂ ಎಳೆಯ ಮಕ್ಕಳಿಗಲ್ಲ. ಆದರೆ ಒಂದು ಮಾತು ಕೇಳುತ್ತೇನೆ. ಮದುವೆ ಮೆರವಣಿಗೆಯಲ್ಲಿ ಡಿಜೆ ಹಚ್ಚಿ, ಅರ್ಥ ಹೇಳಲು ನಾಚಿಕೆಯಾಗುವ ಹಾಡುಗಳಿಗೆ ಐದು ವರ್ಷದ ಕೂಸುಗಳನ್ನು ಕುಣಿಸಿ ಮೊಬೈಲಿನಲ್ಲಿ ಚಿತ್ರ ತೆಗೆಯುವ ನಾವು, ಹೊಲದ ಫಲವತ್ತತೆ ಮತ್ತು ಹೆಣ್ಣಿನ ಒಡಲಿನ ಬಯಕೆಯನ್ನು ಗಂಭೀರವಾಗಿ ಕುರಿತ ನಾಟಕಕ್ಕೆ ಮೂಗು ಮುರಿಯುವುದು ಯಾವ ಮಡಿವಂತಿಕೆ?

ಎರಡನೆಯದು: “ಕಲಾವಿದರಿಗೆ ಊರ ಉಸಾಬರಿ ಯಾಕೆ?” ಇದಕ್ಕೆ ಉತ್ತರವನ್ನು ನೀವು ನಿಮ್ಮ ಬೈಬಲಿನಲ್ಲಿಯೇ ಓದಬಲ್ಲಿರಿ. 137ನೆಯ ಕೀರ್ತನೆಯನ್ನು ತೆಗೆಯಿರಿ. ಬಾಬಿಲೋನಿಗೆ ಸೆರೆಯಾಗಿ ಹೋದ ಜನ ನದಿಯ ದಡದಲ್ಲಿ ಕುಳಿತಿದ್ದಾರೆ. ಸೆರೆಯಿಟ್ಟವರು ತಮ್ಮ ವಿನೋದಕ್ಕಾಗಿ ಹಾಡೆಂದು ಕೇಳುತ್ತಾರೆ. ಆ ಜನ ಕಿನ್ನರಿಗಳನ್ನು ಮರಕ್ಕೆ ತೂಗುಹಾಕಿಬಿಡುತ್ತಾರೆ. ಯಜಮಾನನಿಗೆ ಬೇಕಾದದ್ದು ಅವರ ಹಾಡು. ಬೇಡವಾದದ್ದು ಅವರ ನೆನಪು. ಕಲಾವಿದನಿಗೆ “ಹಾಡು, ಆದರೆ ಮಾತಾಡಬೇಡ” ಎನ್ನುವಾಗ ನಾವು ಯಾರ ಸಾಲಿನಲ್ಲಿ ನಿಂತಿದ್ದೇವೆ ಎಂದು ಒಮ್ಮೆ ಯೋಚಿಸೋಣ.

ಮೂರನೆಯ ಆಕ್ಷೇಪವೇ ಬಲವಾದದ್ದು: “ಹಾಡು, ಭಾಷೆ ಹೊಟ್ಟೆ ತುಂಬಿಸುವುದಿಲ್ಲ. ಇಂಗ್ಲಿಷ್ ಕಲಿತರೆ ನಮ್ಮ ಮಕ್ಕಳು ಪುಣೆಗೋ ಬೆಂಗಳೂರಿಗೋ ಹೋಗಿ ಬದುಕುತ್ತಾರೆ.” ಕಬ್ಬಿನ ಗದ್ದೆಯಲ್ಲಿ ಬೆನ್ನು ಬಾಗಿಸಿದ ತಂದೆ, ಮಗ ಅದೇ ಗದ್ದೆಗೆ ಬರಬಾರದೆಂದು ಬಯಸುವುದರಲ್ಲಿ ತಪ್ಪೇನಿದೆ? ನಾನು ಆ ತಂದೆಯನ್ನು ಬೈಯಲಾರೆ. ಇಂಗ್ಲಿಷ್ ಬೇಡವೆಂದೂ ಹೇಳಲಾರೆ. ಆದರೆ ಇಂಗ್ಲಿಷ್ ಕಲಿಯುವುದು ಒಂದು, ಕನ್ನಡ ಓದಲು ಬಾರದಂತೆ ಮಾಡುವುದು ಇನ್ನೊಂದು. 2019ರ ಜನವರಿಯಲ್ಲಿ ಧಾರವಾಡದಲ್ಲಿ ನಡೆದ 84ನೆಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದ ಕಂಬಾರರು, ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ತೆರೆಯುವ ಅಂದಿನ ಸರಕಾರದ ಯೋಜನೆಯನ್ನು ವಿರೋಧಿಸಿದರು. ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿಯೇ ಆಗಬೇಕೆಂಬುದು ಅವರು ಬಹುಕಾಲದಿಂದ ಹಿಡಿದ ಪಟ್ಟು. ಹೀಗೆ ಹೇಳಿದವರು ಇಂಗ್ಲಿಷ್ ಬಾರದವರಲ್ಲ, ಷಿಕಾಗೋದಲ್ಲಿ ಪಾಠ ಹೇಳಿ ಬಂದವರು. ಘೋಡಗೇರಿಯ ಕನ್ನಡ ಅವರನ್ನು ಷಿಕಾಗೋಕ್ಕೆ ಹೋಗದಂತೆ ತಡೆಯಲಿಲ್ಲ. ನಿಮ್ಮ ಮಗನನ್ನೇಕೆ ತಡೆದೀತು?

ಇನ್ನು ನಮ್ಮವರ ವಿಷಯ. ಧರ್ಮಸಭೆಯ ಶಾಲೆಗಳನ್ನು ನಡೆಸುವ ನಾವು, ಗುರುಗಳೂ ಕನ್ಯಾಸ್ತ್ರೀಯರೂ, ಈ ತಪ್ಪಿನಲ್ಲಿ ಪಾಲುಗಾರರು. ಮಗು ಆಟದ ಬಯಲಿನಲ್ಲಿ ಕನ್ನಡ ಮಾತಾಡಿದರೆ ದಂಡ ವಿಧಿಸುವ ಪದ್ಧತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ, ಕಂಡೂ ಸುಮ್ಮನಿದ್ದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನೆಗೆ ಜನರ ಭಾಷೆಯ ಬಾಗಿಲು ತೆರೆಯಿತು. ಬಲಿಪೀಠದ ಮೇಲೆ ಸಲ್ಲುವ ಭಾಷೆ ಆಟದ ಬಯಲಿನಲ್ಲಿ ಅಪರಾಧವಾಗುವುದಾದರೂ ಹೇಗೆ? ಪೂಜೆಯಲ್ಲಿ ಕನ್ನಡ ಬೇಕೆಂದು ಹಂಬಲಿಸಿದ ಹಿರಿಯರ ಮೊಮ್ಮಕ್ಕಳು ಇಂದು ಕನ್ನಡದ ಶುಭಸಂದೇಶ ಓದಲಾರದೆ ತಡವರಿಸುತ್ತಾರೆ. ಈ ನಾಚಿಕೆ ನಮ್ಮೆಲ್ಲರದು.

ಹೀಗೆ ಮುಂದುವರಿದರೆ ಏನಾಗುತ್ತದೆ? ಹಾಡು ನಿಂತಾಗ ರಾಗ ಮಾತ್ರ ನಿಲ್ಲುವುದಿಲ್ಲ. ಅನ್ಯಾಯಕ್ಕೆ ಹೆಸರಿಟ್ಟು ಕರೆಯುವ ಶಕ್ತಿಯೂ ನಿಲ್ಲುತ್ತದೆ. ನಮ್ಮ ಸೀಮೆಯ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಕಡಿಯಲು ಎಲ್ಲಿಂದಲೋ ಬಂದು, ಗದ್ದೆಯ ಬದಿಯಲ್ಲಿ ಗುಡಿಸಲು ಹಾಕಿಕೊಂಡು, ಕೂಸನ್ನು ಸೀರೆಯ ಜೋಳಿಗೆಯಲ್ಲಿ ಮಲಗಿಸುವ ಹೆಂಗಸರನ್ನು ನೀವು ನೋಡಿದ್ದೀರಿ. ಅವರ ಹಾಡನ್ನು ಯಾರು ಕಟ್ಟುತ್ತಾರೆ? ಪುಣೆಯ ಕೋಣೆಯೊಂದರಲ್ಲಿ ಆರು ಮಂದಿಯೊಡನೆ ಮಲಗುವ ನಿಮ್ಮದೇ ಮಗನ ಕಥೆಯನ್ನು ಯಾರು ಚಿತ್ರವಾಗಿಸುತ್ತಾರೆ? ಇಂದು ಪ್ರತಿಯೊಬ್ಬ ಯುವಕನ ಜೇಬಿನಲ್ಲಿ ಕ್ಯಾಮೆರಾ ಇದೆ. ಕಂಬಾರರ ಕಾಲದಲ್ಲಿ ಒಂದು ಚಿತ್ರ ಮಾಡಲು ಪಡಬೇಕಾಗಿದ್ದ ಪಾಡು ಇವರಿಗಿಲ್ಲ. ಇಲ್ಲದಿರುವುದು ಹೇಳಬೇಕಾದ ಮಾತು, ಅದನ್ನು ಹೇಳುವ ಭಾಷೆ. ಅದನ್ನು ಕಿತ್ತುಕೊಂಡವರು ನಾವು.

ಆದ್ದರಿಂದ ನಿಮ್ಮನ್ನು ಕೇಳಿಕೊಳ್ಳುವುದಿಷ್ಟೇ. ಈ ವರ್ಷದ ಧರ್ಮಕೇಂದ್ರದ ಹಬ್ಬಕ್ಕೆ ಡಿಜೆಗೆ ಕೊಡುವ ಹಣವನ್ನು ಪಾರಿಜಾತದ ತಂಡವೊಂದಕ್ಕೆ ಕೊಡಿ. ಆಟವಾಡುವ ಮುದುಕರು ಇನ್ನೂ ಇದ್ದಾರೆ, ನಾಳೆ ಇರುತ್ತಾರೆಂಬ ಭರವಸೆಯಿಲ್ಲ. ಬೀಸುವ ಪದ, ಸೋಬಾನ ಪದ ಬಲ್ಲ ಅಜ್ಜಿ ನಿಮ್ಮ ಮನೆಯಲ್ಲಿದ್ದರೆ ಮಕ್ಕಳ ಕೈಗೆ ಮೊಬೈಲು ಕೊಟ್ಟು ಅವಳ ಮುಂದೆ ಕೂಡಿಸಿ. ರಾತ್ರಿ ಊಟದ ಹೊತ್ತಿನಲ್ಲಿ ನಿಮ್ಮ ಊರಿನ ಮಾತಿನಲ್ಲಿಯೇ ಮಾತಾಡಿ. ಯುವಜನರ ಸಭೆಯಲ್ಲಿ ವರ್ಷಕ್ಕೆ ಒಂದಾದರೂ ಕನ್ನಡ ಚಿತ್ರವನ್ನು ಕೂಡಿ ನೋಡಿ, ಅದು ಯಾರ ಪರ ನಿಂತಿದೆ ಎಂದು ಚರ್ಚಿಸಿ. ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸುವುದೇ ಆದರೆ, ಕನ್ನಡ ಓದಲು ಬರೆಯಲು ಕಲಿಸುವ ಹೊಣೆಯನ್ನು ನೀವು ಹೊರಿರಿ. ನಾನೂ ಭಾನುವಾರದ ಪೂಜೆಯ ನಂತರ ಒಂದು ಗಂಟೆ ಅದಕ್ಕಾಗಿ ಕೂಡಲು ಸಿದ್ಧನಿದ್ದೇನೆ.

ನಿಮ್ಮ ಮಕ್ಕಳು ಊರು ಬಿಟ್ಟು ಹೋಗುತ್ತಾರೆ. ಹೋಗಲಿ, ಅವರನ್ನು ತಡೆಯುವುದು ನಮ್ಮ ಕೆಲಸವಲ್ಲ. ಘೋಡಗೇರಿಯ ಆ ಹುಡುಗನೂ ಹೋಗಿದ್ದ. ಆದರೆ ಅವನು ಬರಿಗೈಯಲ್ಲಿ ಹೋಗಲಿಲ್ಲ. ನಿಮ್ಮ ಮಗನ ಚೀಲದಲ್ಲಿ ಬಟ್ಟೆ, ಬುತ್ತಿ, ಪ್ರಮಾಣಪತ್ರಗಳನ್ನು ಇಡುವಾಗ ಒಂದು ಹಾಡನ್ನೂ ಇಟ್ಟಿದ್ದೀರಾ ಎಂದು ನೋಡಿಕೊಳ್ಳಿ.